ಮೊದಲು ಬ್ರೇಕು, ಬಣ್ಣ ಆಮೇಲೆ

ಹಳೇ ಜೀಪು ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಟೈರಿನ ಮೇಲೆ, ಆಮೇಲೆ ಬಣ್ಣದ ಮೇಲೆ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಹೊಸ ಪೇಂಟು ಹೊಡೆಸಿ, ದಪ್ಪ ಟೈರು ತೊಡಿಸಿ, ಮುಂದೊಂದು ಕಬ್ಬಿಣದ ಬಂಪರು, ಮೇಲೆ ನಾಲ್ಕು ದೀಪ ಹಾಕಿ ನಿಲ್ಲಿಸಿರುತ್ತಾರೆ. ಕೈಪಳಗಿದ ಮೆಕ್ಯಾನಿಕ್ ಇದ್ಯಾವುದನ್ನೂ ಗಣನೆಗೆ ತಗೊಳ್ಳುವುದಿಲ್ಲ. ಗೋಣಿಚೀಲ ಹಾಸಿಕೊಂಡು ನೇರವಾಗಿ ಗಾಡಿಯ ಹಿಂಭಾಗದಡಿ ತೂರುತ್ತಾನೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಕೊಂಡಿ ಚಾಸಿಗೆ ಸೇರುವ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾನೆ. ಟಣ್ ಎಂದರೆ ಕಬ್ಬಿಣ ಗಟ್ಟಿಯಿದೆ. ಡಬ್ ಎಂದರೆ ಒಳಗೆ ತುಕ್ಕು ತಿಂದಿದೆ, ಇಲ್ಲವೇ ಯಾರೋ ತಗಡಿನ ತೇಪೆ ಹಾಕಿ ಮೇಲೆ ಬಣ್ಣ ಬಳಿದಿದ್ದಾರೆ.

ಎಂಜಿನ್ ಕೆಟ್ಟರೆ ಬಿಚ್ಚಬಹುದು, ಗೇರ್ ಬಾಕ್ಸ್ ಹೋದರೆ ಇನ್ನೊಂದು ತರಬಹುದು. ಚಾಸಿ ಹೋದರೆ ಗಾಡಿಯೇ ಹೋದಂತೆ, ಯಾಕೆಂದರೆ ಆರ್‌ಸಿ ಪುಸ್ತಕದಲ್ಲಿರುವ ನಂಬರು ಕೊರೆದಿರುವುದು ಅದರ ಮೇಲೆಯೇ. ಹಳೇ ಜೀಪು ತಂದು ಮನೆ ಮುಂದೆ ನಿಲ್ಲಿಸಿ ಸ್ವಂತ ಕೈಯಿಂದ ಸರಿಮಾಡಿಕೊಳ್ಳಬೇಕು ಎಂಬ ಆಸೆಯವರು ಈಗೀಗ ಹೆಚ್ಚುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನರ ಗಾಡಿ ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಟಾರ್ಪಾಲಿನಡಿ ಉಳಿದುಬಿಡುತ್ತದೆ. ಕೆಲಸ ಬಾರದೇ ಹೀಗಾಗುವುದು ಕಡಿಮೆ. ಶುರು ಎಲ್ಲಿಂದ ಮಾಡಬೇಕೆಂಬುದು ತಪ್ಪಿದ್ದಕ್ಕೆ ಆಗುವುದೇ ಹೆಚ್ಚು.

ತುಮಕೂರಿನಂಥ ಊರಲ್ಲಿ ಈ ಹವ್ಯಾಸಕ್ಕೆ ಅನುಕೂಲ ಜಾಸ್ತಿ. ನಗರಕ್ಕೆ ಅಂಟಿಕೊಂಡೇ ಸತ್ಯಮಂಗಲ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳಿವೆ, ಬೆಂಗಳೂರಿನ ದಾರಿಯಲ್ಲಿ ಹಿರೇಹಳ್ಳಿಯಿದೆ. ಕೈಗಾರಿಕೆ ಇದ್ದ ಕಡೆ ಲೇತು, ವೆಲ್ಡಿಂಗು, ಹೈಡ್ರಾಲಿಕ್ ಪ್ರೆಸ್ಸು ಇದ್ದೇ ಇರುತ್ತವೆ. ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇದ್ದ ಊರಿದು. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಕೂದಲೆಳೆಯ ಲೆಕ್ಕದಲ್ಲಿ ಲೋಹ ಅಳೆಯುವ ಕಸುಬು ಈ ಸೀಮೆಗೆ ಹೊಸದೇನಲ್ಲ. ಬಿಡಿಭಾಗ ಬೇಕೆಂದರೆ 70 ಕಿಲೋಮೀಟರ್ ದೂರದ ಬೆಂಗಳೂರಿದೆ. ಹೊಸದಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. ಬೆಳಗ್ಗೆ ರೈಲು ಹತ್ತಿದವರು ಸಂಜೆಗೆ ಒಂದು ಡೈನಮೋ ಹೆಗಲಿಗೇರಿಸಿಕೊಂಡು ಮರಳಬಹುದು.

ಮನೆಯಲ್ಲಿ ಆಗುವುದೇನು, ಹೊರಗೆ ಕೊಡಬೇಕಾದ್ದೇನು ಎಂಬ ಗೆರೆಯನ್ನು ಮೊದಲೇ ಎಳೆದುಕೊಂಡರೆ ಒಳ್ಳೆಯದು. ಬಿಚ್ಚುವುದು, ತೊಳೆಯುವುದು, ಅಳೆಯುವುದು, ಮತ್ತೆ ಜೋಡಿಸುವುದು ಮನೆಯ ಕೆಲಸ. ಬ್ರೇಕ್ ಡ್ರಮ್ಮಿನ ಒಳಮೈ ಕಡೆಸುವುದು, ಫ್ಲೈವೀಲ್ ಮುಖ ಸಮ ಮಾಡಿಸುವುದು, ಬಿಗಿದು ಕೂತ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಸುವುದು, ಸಿಲಿಂಡರ್ ರೀಬೋರ್ ಮಾಡಿಸುವುದು ಸತ್ಯಮಂಗಲದಂಥ ಕಡೆಯ ಮಷೀನುಗಳ ಕೆಲಸ. ಚಾಸಿಗೆ ವೆಲ್ಡಿಂಗ್ ಮಾಡುವುದಂತೂ ಯೂಟ್ಯೂಬ್ ನೋಡಿ ಕಲಿಯುವ ವಿದ್ಯೆಯಲ್ಲ. ಪೆಟ್ರೋಲ್ ಟ್ಯಾಂಕಿನದು ಇನ್ನೂ ಅಪಾಯ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುತ್ತದೆ.

ಉಳಿದ ಕೆಲಸವೆಲ್ಲ ಮನೆಯಲ್ಲೇ ಆಗುತ್ತದೆ ಎನ್ನುವ ಧೈರ್ಯ ಬರುವುದು ಈ ಗಾಡಿಯ ಹುಟ್ಟಿನಿಂದ. ಎರಡನೇ ಮಹಾಯುದ್ಧದಲ್ಲಿ, 1941ರಿಂದ 1945ರೊಳಗೆ, ಅಮೆರಿಕದ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಕೆಸರಿನಲ್ಲಿ, ಬಯಲಿನಲ್ಲಿ, ಕೈಗೆ ಸಿಕ್ಕ ನಾಲ್ಕು ಸ್ಪ್ಯಾನರಿನಿಂದ ಸಾಮಾನ್ಯ ಸೈನಿಕನೇ ರಿಪೇರಿ ಮಾಡಿಕೊಳ್ಳಬೇಕು ಎಂದೇ ಅದರ ವಿನ್ಯಾಸ. ಅಲ್ಲಿಯವರೆಗೆ ಸೈನ್ಯದಲ್ಲಿ ಆಳು, ಸರಕು ಹೊರುವ ಕೆಲಸ ಕುದುರೆ, ಹೇಸರಗತ್ತೆಗಳದಾಗಿತ್ತು. ಟಿಪ್ಪುವಿನ ಕಾಲದಿಂದ ಮೈಸೂರು ಸೈನ್ಯಕ್ಕೆ ಕುದುರೆ ಸಾಕಿಕೊಟ್ಟ ಕುಣಿಗಲ್ಲಿನ ಸ್ಟಡ್ ಫಾರ್ಮ್ ತುಮಕೂರು ಜಿಲ್ಲೆಯಲ್ಲೇ ಇದೆ. ಅದು ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು. ಯುದ್ಧಭೂಮಿಯಲ್ಲಿ ಕುದುರೆಯ ಜಾಗಕ್ಕೆ ಬಂದದ್ದು ಈ ನಾಲ್ಕು ಚಕ್ರದ ಪ್ರಾಣಿ.

ಭಾರತಕ್ಕೆ ಅದನ್ನು ತಂದವರ ಕತೆಯೂ ಸ್ವಾರಸ್ಯದ್ದು. 1945ರಲ್ಲಿ ಲೂಧಿಯಾನದಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಲ್ಲಿ ಉಕ್ಕಿನ ವ್ಯಾಪಾರ ಶುರುವಾಯಿತು. ದೇಶ ಒಡೆದಾಗ ಪಾಲುದಾರ ಮಲಿಕ್ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ಲೂ ಆದರು. ಇತ್ತ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಮುಂಬೈಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸುವ ಕೆಲಸ ಶುರುವಾಯಿತು. ಆಮೇಲೆ ಬಂದದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅದರ 2199 ಸಿಸಿಯ ಹರಿಕೇನ್ ಪೆಟ್ರೋಲ್ ಎಂಜಿನ್‌ನಲ್ಲಿ ಒಳಗಾಳಿಯ ವಾಲ್ವುಗಳು ಮೇಲೆ ಕೂತಿದ್ದರಿಂದ ಬಾನೆಟ್ಟನ್ನು ಎತ್ತರಿಸಲೇಬೇಕಾಯಿತು. ತಹಸೀಲ್ದಾರರು, ಬಿಡಿಓಗಳು, ಪೊಲೀಸರು, ಅರಣ್ಯ ಇಲಾಖೆಯವರು ಹಳ್ಳಿಗೆ ಬಂದಿಳಿಯುತ್ತಿದ್ದ ಆ ಮೋಟುಮೂಗಿನ ಗಾಡಿ ಇದೇ. ಅದು ಬಂದರೆ ಊರೇ ಎದ್ದು ನಿಲ್ಲುತ್ತಿತ್ತು, ಭಯಕ್ಕೋ ಕುತೂಹಲಕ್ಕೋ.

ಡೀಸೆಲ್ ಕಾಲ ಬಂದಾಗ ಫ್ರಾನ್ಸಿನ ಪೂಜೋ ಕಂಪನಿಯ ಪರವಾನಗಿಯಲ್ಲಿ ಎಕ್ಸ್‌ಡಿಪಿ 4.90 ಎಂಜಿನ್ ಬಂತು. ನಾಲ್ಕು ಸಿಲಿಂಡರ್, ಒಂದೊಂದರ ಅಗಲ 90 ಮಿಲಿಮೀಟರ್. ಹೆಸರಿನಲ್ಲೇ ಅಳತೆಯಿದೆ. ಎಂಎಂ 540 ಮಾದರಿಯನ್ನು ನಾಡಿನ ಮೂಲೆಮೂಲೆಗೆ ಒಯ್ದದ್ದು ಈ ಎಂಜಿನ್. 1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಬಂತು. ಮೊದಲು 970 ಸಿಸಿ, 1996ರಿಂದ 1298 ಸಿಸಿ, ಟನ್ನಿಗಿಂತ ಚೂರು ಕಮ್ಮಿ ತೂಕ. ಸೇನೆ, ಪೊಲೀಸು, ರ‍್ಯಾಲಿಯವರು ಮೂವರೂ ಅದನ್ನು ಒಪ್ಪಿಕೊಂಡರು. ಇವತ್ತು ಮನೆಯಂಗಳದಲ್ಲಿ ರಿಪೇರಿಗೆ ನಿಂತ ಹಳೇ ಆಫ್‌ರೋಡ್ ಗಾಡಿಗಳಲ್ಲಿ ಬಹುಪಾಲು ಈ ಎರಡು ವಂಶದವು. ಎರಡರಲ್ಲೂ ಏಣಿಯಂಥ ಚಾಸಿ, ಮುಂದೆ ಹಿಂದೆ ಗಟ್ಟಿ ಆ್ಯಕ್ಸೆಲ್, ನಾಲ್ಕೂ ಕಡೆ ಪ್ಲೇಟು ಸ್ಪ್ರಿಂಗು. ಕಂಪ್ಯೂಟರ್ ಇಲ್ಲ, ಇದ್ದರೂ ಜಿಪ್ಸಿಯ ಕೊನೆಯ ಮಾದರಿಗಳಲ್ಲಿ ಮಾತ್ರ.

ಸರಿ, ಜೀಪು ಬಂತು. ಮೊದಲು ಮುಟ್ಟಬೇಕಾದ್ದು ಬ್ರೇಕು.

ತೀರ ಹಳೆಯ ವಿಲ್ಲಿಸ್, ಸಿಜೆ-3ಬಿ ಜೀಪುಗಳಲ್ಲಿ ಬ್ರೇಕ್ ಆಯಿಲಿಗೆ ಇರುವುದು ಒಂದೇ ದಾರಿ. ಮಾಸ್ಟರ್ ಸಿಲಿಂಡರ್ ಒಂದು, ಅದರಿಂದ ಹೊರಟ ಪೈಪು ನಾಲ್ಕೂ ಚಕ್ರಕ್ಕೆ. ಯಾವುದೋ ಒಂದು ಚಕ್ರದ ರಬ್ಬರ್ ಹೋಸು ಬಿರಿದರೂ ನಾಲ್ಕೂ ಬ್ರೇಕು ಒಟ್ಟಿಗೇ ಮಾಯ. ಮಾಸ್ಟರ್ ಸಿಲಿಂಡರ್ ಕೂತಿರುವುದೋ ಕಾಲಿನಡಿಯ ತಗಡಿನ ಕೆಳಗೆ, ಕೆಸರೆಲ್ಲ ರಾಚುವ ಜಾಗದಲ್ಲಿ. ಮುಚ್ಚಳದ ಮೇಲೆ ಮಣ್ಣು ಗಟ್ಟಿಯಾಗಿ ಕೂತಿರುವುದರಿಂದ ಎಷ್ಟೋ ಜನ ಆಯಿಲ್ ಮಟ್ಟ ನೋಡುವುದೇ ಇಲ್ಲ. ಹಳೇ ಜೀಪಿಗೆ ಮಾಡಬಹುದಾದ ಅತ್ಯುತ್ತಮ ಅಪ್‌ಗ್ರೇಡ್ ಯಾವುದೆಂದು ಕೇಳಿದರೆ ಹಲವರು ವಿಂಚ್ ಎನ್ನುತ್ತಾರೆ, ಪವರ್ ಸ್ಟೀರಿಂಗ್ ಎನ್ನುತ್ತಾರೆ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಎನ್ನುವವರು ಕಮ್ಮಿ. ಮುಂದಿನ ಚಕ್ರಗಳಿಗೊಂದು ದಾರಿ, ಹಿಂದಿನವಕ್ಕೆ ಇನ್ನೊಂದು. ಒಂದು ಕಡೆ ಸೋರಿದರೂ ಇನ್ನೊಂದು ಕಡೆ ಗಾಡಿಯನ್ನು ನಿಲ್ಲಿಸುತ್ತದೆ. ಹೊರಗೆ ಕಾಣದ ಕೆಲಸವಾದ್ದರಿಂದ ಇದಕ್ಕೆ ಫೋಟೋ ತೆಗೆಸಿಕೊಳ್ಳುವ ಯೋಗ ಮಾತ್ರ ಇಲ್ಲ.

ಚಕ್ರ ಬಿಚ್ಚುವಲ್ಲೇ ಒಂದು ಕಣ್ಣುಕಟ್ಟಿದೆ. ಹಳೇ ವಿಲ್ಲಿಸ್ ಜೀಪುಗಳ ಎಡಗಡೆಯ ಎರಡು ಚಕ್ರಗಳ ನಟ್ಟಿಗೆ ತಿರುವುಮುರುವು ಮರೆ (ಥ್ರೆಡ್) ಇರುತ್ತದೆ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಗಾಡಿ ಮುಂದೆ ಓಡುವಾಗ ನಟ್ಟು ಸಡಿಲವಾಗಬಾರದೆಂದು ಮಾಡಿದ ಏರ್ಪಾಡು. ಗೊತ್ತಿಲ್ಲದವರು ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಜಗ್ಗಿ ಬೋಲ್ಟನ್ನೇ ಮುರಿಯುತ್ತಾರೆ. ತುಕ್ಕು ಹಿಡಿದಿದೆ ಎಂದುಕೊಂಡು ಇನ್ನಷ್ಟು ಜಗ್ಗುವ ಮೊದಲು ಬೋಲ್ಟಿನ ತುದಿಯನ್ನು ಚಿಂದಿಯಿಂದ ಒರೆಸಿ ಮರೆ ಯಾವ ಕಡೆ ಹತ್ತಿದೆ ಎಂದು ನೋಡಿದರೆ ಸಾಕು.

ಡ್ರಮ್ ಕಳಚಿದಾಗ ಒಳಗೆ ಕಪ್ಪು ಹುಡಿ ತುಂಬಿರುತ್ತದೆ. ಬಾಯಿಂದ ಊದುವುದು, ಪಂಕ್ಚರ್ ಅಂಗಡಿಯ ಗಾಳಿ ಪೈಪು ಹಿಡಿಯುವುದು ಗ್ಯಾರೇಜುಗಳ ಹಳೇ ರೂಢಿ. ಇದನ್ನು ಬಿಟ್ಟುಬಿಡಬೇಕು. ಹಳೇ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಹುಡಿ ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೇ ಎಸೆಯುವುದು ಸರಿಯಾದ ಕ್ರಮ. ಆಮೇಲೆ ಚಕ್ರದ ಸಿಲಿಂಡರಿನ ರಬ್ಬರ್ ತುಟಿಯನ್ನು ಮೆಲ್ಲಗೆ ಎತ್ತಿ ನೋಡಬೇಕು. ಅಲ್ಲಿ ತೇವ ಕಂಡರೆ ಒಳಗಿನ ರಬ್ಬರ್ ಕಪ್ ಸವೆದಿದೆ ಎಂದು ಅರ್ಥ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ವರ್ಷಗಟ್ಟಲೆ ಬದಲಿಸದೇ ಬಿಟ್ಟರೆ ಸಿಲಿಂಡರಿನ ಒಳಮೈಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ನಿಂತೇ ಇದ್ದ ಗಾಡಿಯ ಬ್ರೇಕು ಓಡಿದ ಗಾಡಿಯದಕ್ಕಿಂತ ಬೇಗ ಹಾಳಾಗುವುದು ಹೀಗೆ.

ಎಲ್ಲ ಜೋಡಿಸಿ ಹೊಸ ಆಯಿಲ್ ಹುಯ್ದ ಮೇಲೆ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಮನೆಯಲ್ಲಿ ಯಾರನ್ನಾದರೂ ಡ್ರೈವರ್ ಸೀಟಿನಲ್ಲಿ ಕೂರಿಸಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು. ‘ತುಳಿ, ತುಳಿ, ಹಿಡಿ’ ಎಂದಾಗ ಪೆಡಲನ್ನು ಒತ್ತಿ ಹಿಡಿದಿರಬೇಕು, ಕೆಳಗಿದ್ದವರು ನಿಪ್ಪಲ್ ಸಡಿಲಿಸಬೇಕು. ಗುಳ್ಳೆ ಗುಳ್ಳೆಯಾಗಿ ಆಯಿಲ್ ಚಿಮ್ಮುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ‘ಬಿಡು’ ಎನ್ನಬೇಕು. ಮೊದಲೇ ಬಿಟ್ಟರೆ ಹೋದ ಗಾಳಿ ವಾಪಸು ಒಳಗೆ. ಗುಳ್ಳೆ ನಿಂತು ಎಣ್ಣೆ ಒಂದೇ ಧಾರೆಯಾಗಿ ಬರುವವರೆಗೆ ಇದೇ ಪಾಠ. ಈ ಹೊತ್ತಿನಲ್ಲಿ ಗಂಡ-ಹೆಂಡತಿಯ ನಡುವೆ ನಡೆಯುವ ಮಾತುಕತೆಯನ್ನು ಅಚ್ಚು ಹಾಕುವಂತಿಲ್ಲ.

ಜ್ಯಾಕಿನ ವಿಷಯದಲ್ಲಿ ಉದಾಸೀನ ಬೇಡ. ಗಾಡಿ ಎತ್ತಲು ಜ್ಯಾಕು, ಎತ್ತಿದ್ದನ್ನು ಹೊರಲು ಕಬ್ಬಿಣದ ಸ್ಟ್ಯಾಂಡು. ಇಟ್ಟಿಗೆ, ಸಿಮೆಂಟ್ ಬ್ಲಾಕು ಸ್ಟ್ಯಾಂಡಲ್ಲ, ಅವು ಮುನ್ಸೂಚನೆ ಕೊಡದೇ ಪುಡಿಯಾಗುತ್ತವೆ.

ನಿಲ್ಲಿಸುವುದಾದ ಮೇಲೆ ತಿರುಗಿಸುವುದು. ಹಳೇ ಜಿಪ್ಸಿ ಓಡಿಸಿದವರಿಗೆ ಒಂದು ಅನುಭವ ಆಗಿರುತ್ತದೆ: 60-70ರ ವೇಗದಲ್ಲಿ ಸಣ್ಣ ಗುಂಡಿಗೆ ಚಕ್ರ ಬಿದ್ದದ್ದೇ ತಡ, ಸ್ಟೀರಿಂಗು ಎಡಬಲ ಎಡಬಲ ಅಂತ ಹುಚ್ಚಾಪಟ್ಟೆ ನಡುಗಲು ಶುರು. ವೇಗ ತಗ್ಗಿಸುವವರೆಗೂ ನಿಲ್ಲುವುದಿಲ್ಲ. ಎಷ್ಟೋ ಕಡೆ ಇದಕ್ಕೆ ಮೊದಲ ಮದ್ದು ವೀಲ್ ಬ್ಯಾಲೆನ್ಸಿಂಗು, ಎರಡನೆಯದು ಹೊಸ ಸ್ಟೀರಿಂಗ್ ಡ್ಯಾಂಪರು. ಡ್ಯಾಂಪರ್ ಹಾಕಿದರೆ ನಡುಕ ಕೆಲವು ತಿಂಗಳು ಅಡಗುತ್ತದೆ, ರೋಗ ಹಾಗೇ ಉಳಿಯುತ್ತದೆ. ರೋಗದ ಮೂಲ ಹೆಚ್ಚಾಗಿ ಮುಂದಿನ ಚಕ್ರದ ಹಿಂದಿರುವ ಗುಂಡಿನಾಕಾರದ ಗೂಡಿನಲ್ಲಿ. ಚಕ್ರ ಎಡಬಲ ತಿರುಗುವುದು ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್‌ಗಳ ಮೇಲೆ, ಅವುಗಳ ಸಣ್ಣ ಬೇರಿಂಗುಗಳಲ್ಲಿ. ಬೇರಿಂಗ್ ಸವೆದು ಪಿನ್ನು ಸಡಿಲವಾದರೆ ಚಕ್ರಕ್ಕೆ ಬೇಕಾದ ಬಿಗಿ ತಪ್ಪುತ್ತದೆ.

ಇದನ್ನು ಮನೆಯಲ್ಲೇ ಅಳೆಯಬಹುದು. ಚಕ್ರ, ಟೈರಾಡ್, ಎಣ್ಣೆ ಸೀಲು ಎಲ್ಲ ಕಳಚಿ, ಟೈರಾಡ್ ಸೇರುವ ತೂತಿಗೆ ಸಂತೆಯಲ್ಲಿ ಸಿಗುವ ಕೊಕ್ಕೆ ತಕ್ಕಡಿಯನ್ನು ಸಿಕ್ಕಿಸಿ ಎಳೆಯಬೇಕು. ಗೂಡು ತಿರುಗಲು ಶುರುವಾಗುವ ಕ್ಷಣದಲ್ಲಿ ಮುಳ್ಳು ಸುಮಾರು 1ರಿಂದ 1.8 ಕಿಲೋ ತೋರಿಸಬೇಕು. ಅದಕ್ಕಿಂತ ಹಗುರಾಗಿ ತಿರುಗಿದರೆ ಪಿನ್ನಿನಡಿ ಇರುವ ಕಾಗದದಷ್ಟು ತೆಳು ತಗಡಿನ ಬಿಲ್ಲೆಗಳಲ್ಲಿ ಒಂದನ್ನು ತೆಗೆಯಬೇಕು, ಮತ್ತೆ ಬಿಗಿದು ಮತ್ತೆ ಎಳೆಯಬೇಕು. ತೀರ ಬಿಗಿಯಾದರೆ ಬಿಲ್ಲೆ ಸೇರಿಸಬೇಕು. ಸಾವಿರಾರು ರೂಪಾಯಿಯ ಡ್ಯಾಂಪರು ಮಾಡದ ಕೆಲಸವನ್ನು ಒಂದು ತಗಡಿನ ಬಿಲ್ಲೆ ಮಾಡುತ್ತದೆ. ಅಲ್ಲಿಗೆ ಕೈ ಹಾಕಿದಾಗ ಗೂಡಿನೊಳಗೆ ಗ್ರೀಸಿನ ಬದಲು ಕಂದು ಅಂಬಲಿಯಂಥದ್ದು ಸಿಕ್ಕರೆ ಹೊಳೆ ದಾಟಿದಾಗ ನೀರು ಹೊಕ್ಕಿದೆ ಎಂದರ್ಥ. ಸೀಲುಗಳನ್ನೂ ಬೇರಿಂಗುಗಳನ್ನೂ ಒಟ್ಟಿಗೇ ಬದಲಿಸುವುದು ಲೇಸು.

ಪ್ಲೇಟು ಸ್ಪ್ರಿಂಗಿನ ಬುಷ್ಷು, ಶ್ಯಾಕಲ್ಲು, ಯು-ಬೋಲ್ಟುಗಳ ಕತೆ ಉದ್ದ ಬೆಳೆಸುವುದು ಬೇಡ. ಸವೆದದ್ದು ಬದಲಿಸಿ, ಗ್ರೀಸ್ ತುಂಬಿ, ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟನ್ನು ಮತ್ತೊಮ್ಮೆ ಬಿಗಿಯಬೇಕು, ಅಷ್ಟೆ.

ಡೀಸೆಲ್ ಜೀಪಿನ ಎಂಜಿನ್ ಬಗ್ಗೆ ಹೊಸಬರಿಗೆ ಇರುವ ಅಂಜಿಕೆಯ ಅರ್ಧ ಪಾಲು ಒಂದೇ ಕಾರಣದ್ದು: ಗಾಡಿ ಏರ್ ತಗೊಂಡಿದೆ. ಟ್ಯಾಂಕಿನಲ್ಲಿ ಡೀಸೆಲ್ ತಳಕ್ಕಿಳಿದಾಗಲೋ ಫಿಲ್ಟರ್ ಬದಲಿಸಿದಾಗಲೋ ಪೈಪಿಗೆ ಗಾಳಿ ಹೊಕ್ಕರೆ ಸೆಲ್ಫ್ ಎಷ್ಟು ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ. ಬ್ಯಾಟರಿ ಕೂತುಹೋಗುತ್ತದೆ, ತಳ್ಳಲು ಜನ ಸೇರುತ್ತಾರೆ. ಮಾಡಬೇಕಾದ್ದು ಇಷ್ಟು: ಫಿಲ್ಟರಿನ ತಲೆಯ ಮೇಲಿನ ಸಣ್ಣ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೈಪಂಪಿನ ಗುಂಡಿಯನ್ನು ಒತ್ತುತ್ತಾ ಹೋಗಬೇಕು. ಮೊದಲು ಬುಸಬುಸ ನೊರೆ, ಆಮೇಲೆ ನೊರೆಯಿಲ್ಲದ ಡೀಸೆಲ್. ಆಗ ಸ್ಕ್ರೂ ಬಿಗಿದರೆ ಮುಗಿಯಿತು. ಇನ್ನೂ ಹಿಡಿಯದಿದ್ದರೆ ನಾಝಲ್‌ಗೆ ಹೋಗುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮದೊಳಕ್ಕೇ ನುಗ್ಗಬಲ್ಲದು, ಅದಕ್ಕೆ ಬೆರಳು ಅಡ್ಡ ಹಿಡಿಯಬಾರದು.

ಪಂಪು ಮತ್ತು ನಾಝಲ್ ಮಾತ್ರ ಮನೆಯಲ್ಲಿ ಬಿಚ್ಚುವಂಥವಲ್ಲ. ಆ ಪಂಪಿನ ಮೇಲೆ ‘ಮೈಕೋ’ ಎಂಬ ಅಕ್ಷರ ಕಂಡರೆ ಅದು ಬೆಂಗಳೂರಿನ ಮಗು. ಜರ್ಮನಿಯ ಬಾಷ್ ಸಹಯೋಗದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 1951ರಲ್ಲಿ ಹುಟ್ಟಿ, ಆಡುಗೋಡಿಯ ಕಾರ್ಖಾನೆಯಿಂದ ದೇಶದ ಲಾರಿ, ಟ್ರ್ಯಾಕ್ಟರ್, ಜೀಪುಗಳಿಗೆ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗು ಒದಗಿಸಿತು. ಪಂಪಿನೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಅಂತರ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ. ಅಂಗೈ ಬೆವರು ತಾಗಿದರೂ ಅಲ್ಲಿ ತುಕ್ಕಾಗುತ್ತದೆ. ಕ್ಯಾಲಿಬ್ರೇಷನ್ ಮಾಡುವ ಅಂಗಡಿಗೆ ಕೊಟ್ಟು ಬರುವುದೇ ಸರಿ. ಇದರ ಜತೆ ಇನ್ನೊಂದು ಕೆಟ್ಟ ರೂಢಿಯನ್ನೂ ಹೇಳಬೇಕು. ಗಾಡಿ ಬಿಸಿಯಾಗುತ್ತದೆ ಎಂದೊಡನೆ ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವ ಗ್ಯಾರೇಜುಗಳು ಇಂದಿಗೂ ಇವೆ. ತಪ್ಪು ಹೆಚ್ಚಾಗಿ ಕಟ್ಟಿಕೊಂಡ ರೇಡಿಯೇಟರಿನದು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ತಕ್ಕ ಶಾಖಕ್ಕೆ ಬರದೇ ಡೀಸೆಲನ್ನೂ ತಿನ್ನುತ್ತದೆ, ಸಿಲಿಂಡರನ್ನೂ ಸವೆಸುತ್ತದೆ.

ವೈರಿಂಗ್ ವಿಚಾರಕ್ಕೆ ಬಂದರೆ, ಐವತ್ತು ವರ್ಷದಲ್ಲಿ ಹತ್ತು ಮೆಕ್ಯಾನಿಕ್ಕುಗಳು ಟೇಪು ಸುತ್ತಿದ ವೈರುಗಳನ್ನು ರಿಪೇರಿ ಮಾಡುವುದಕ್ಕಿಂತ ಪೂರ್ತಿ ಕಿತ್ತು ಹೊಸದು ಎಳೆಯುವುದು ಸುಲಭ. ಹೊಸ ಫ್ಯೂಸ್ ಪೆಟ್ಟಿಗೆ, ಹೆಡ್‌ಲೈಟಿಗೆ ರಿಲೇ, ಎಂಜಿನ್ನಿನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ. ಮಂಕಾಗಿ ಉರಿಯುತ್ತಿದ್ದ ಹಳೇ ಬಲ್ಬೇ ಇಷ್ಟಕ್ಕೆ ಬೆಳಕು ಕೊಡುತ್ತದೆ.

ಇನ್ನು ಎಲ್ಲರಿಗೂ ಆಸೆಯಿರುವ ದಪ್ಪ ಟೈರು. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸಿಜೆ-3ಬಿಯ ಮೊದಲ ಗೇರಿನ ಅನುಪಾತ ಸುಮಾರು 2.8. ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನದು 2.46. ಆ್ಯಕ್ಸೆಲಿನ ಕ್ರೌನ್-ಪಿನಿಯನ್‌ನದು 5.38. ಮೂರನ್ನೂ ಗುಣಿಸಿದರೆ 37. ಅಂದರೆ ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿ ತಣ್ಣಗೆ ಗುಡುಗುಡು ಎನ್ನುತ್ತಿದ್ದರೆ ಜೀಪು ಗಂಟೆಗೆ ಎರಡು ಕಿಲೋಮೀಟರ್ ಚಿಲ್ಲರೆಯಲ್ಲಿ ಸಾಗುತ್ತದೆ, ಮನುಷ್ಯ ನಡೆಯುವುದರ ಅರ್ಧ ವೇಗ. ವೇಗ ಕಳೆದದ್ದೆಲ್ಲ ಬಲವಾಗಿ ಚಕ್ರಕ್ಕೆ ಬರುತ್ತದೆ. ಎಪ್ಪತ್ತು ಚಿಲ್ಲರೆ ಕುದುರೆಶಕ್ತಿಯ ಎಂಜಿನ್ ಬಂಡೆ ಹತ್ತುವ ಗುಟ್ಟು ಇದು.

ಕೊಡಚಾದ್ರಿಗೆ ಕಟ್ಟಿನಹೊಳೆ ಕಡೆಯಿಂದ ಜೀಪಿನಲ್ಲಿ ಹೋದವರು ಇದನ್ನು ಬೆನ್ನುಮೂಳೆಯಲ್ಲೇ ಕಲಿತಿರುತ್ತಾರೆ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ, ರಸ್ತೆಯೆಂದು ಕರೆಯಲು ಧೈರ್ಯ ಬೇಕಾದ ದಾರಿಯಲ್ಲಿ, ಮಹೀಂದ್ರ ಜೀಪುಗಳು ಪ್ರವಾಸಿಗರನ್ನು ತುಂಬಿಕೊಂಡು ಹತ್ತಿಳಿಯುತ್ತವೆ. ಕೊಡಗಿನ ಮಾಂದಲ್‌ಪಟ್ಟಿಯಲ್ಲೂ ಹಾಗೇ. ಅಲ್ಲಿನ ಡ್ರೈವರುಗಳ ಗಾಡಿಯಲ್ಲಿ ಸ್ನಾರ್ಕೆಲ್ ಇಲ್ಲ, ವಿಂಚ್ ಇಲ್ಲ, ಬಣ್ಣವೂ ಅಷ್ಟಕ್ಕಷ್ಟೇ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಕಾಲು ಬ್ರೇಕಿನ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ದಿನಗೂಲಿಯ ಗಾಡಿ ಅದು, ಒಂದು ದಿನ ನಿಂತರೆ ಅಂದಿನ ದುಡಿಮೆ ಹೋಯಿತು. ಅಂಥವರು ಏನು ಹಾಕಿಸಿಲ್ಲ ಎಂದು ನೋಡುವುದರಿಂದಲೂ ಹೊಸಬರು ಕಲಿಯುವುದಿದೆ.

ಈಗ 6.00-16 ಅಳತೆಯ, ಸುಮಾರು 28.5 ಇಂಚು ಎತ್ತರದ ಮೂಲ ಟೈರು ತೆಗೆದು 31 ಇಂಚಿನದು ಹಾಕಿದರು ಎನ್ನೋಣ. ಗಾಡಿ ಎತ್ತರವಾಯಿತು, ನೋಟ ಬಂತು. ಜತೆಗೆ 5.38ರ ಅನುಪಾತ ಲೆಕ್ಕದಲ್ಲಿ 4.95ಕ್ಕಿಳಿಯಿತು. ಬೆಟ್ಟ ಹತ್ತುವ ಬಲದಲ್ಲಿ ಶೇ. 8 ಖೋತಾ. ಮೀಟರ್ 60 ತೋರಿಸುವಾಗ ಗಾಡಿ ಓಡುತ್ತಿರುವುದು 65ರಲ್ಲಿ. ಭಾರದ ಚಕ್ರವನ್ನು ನಿಲ್ಲಿಸಲು ಅದೇ ಹಳೇ ಡ್ರಮ್ಮು, ತಿರುಗಿಸಲು ಅದೇ ಹಳೇ ಸ್ಟೀರಿಂಗ್ ಬಾಕ್ಸು, ಹೊರಲು ಅದೇ ಬೇರಿಂಗು. ಆಗ ಡಿಸ್ಕ್ ಬ್ರೇಕು ಬೇಕಾಗುತ್ತದೆ, ಬೊಲೆರೊ ಕಡೆಯ ಪವರ್ ಸ್ಟೀರಿಂಗ್ ಬೇಕಾಗುತ್ತದೆ, ಅದರ ಪಂಪು ತಿರುಗಿಸಲು ಪುಲ್ಲಿ ಬೇಕಾಗುತ್ತದೆ. ಟೈರಿನಿಂದ ಶುರುವಾದ ಖರ್ಚು ಗಾಡಿಯ ಬೆಲೆ ದಾಟುವುದು ಹೀಗೆ. ಕೆಸರಿಗೆ ಇಳಿಯುವಾಗ ಇರುವ ಟೈರಿನ ಗಾಳಿಯನ್ನೇ 18-20 ಪೌಂಡಿಗೆ ಇಳಿಸಿದರೆ ಹಿಡಿತ ಎಷ್ಟು ಹೆಚ್ಚುತ್ತದೆಂದು ಮೊದಲು ನೋಡಬಹುದು. ಅದಕ್ಕೆ ಬೇಕಾದ್ದು ಒಂದು ಗೇಜು, ಮತ್ತೆ ಗಾಳಿ ತುಂಬಲು ಒಂದು ಸಣ್ಣ ಕಂಪ್ರೆಸರು.

ಫೋರ್‌ವೀಲ್ ಹಾಕಿದರೂ ಜೀಪು ಕೆಸರಲ್ಲಿ ಹೂತುಕೊಂಡಾಗ ಹೊಸಬರಿಗೆ ಆಶ್ಚರ್ಯ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲವನ್ನೇ ಹಂಚುತ್ತದೆ, ಆದರೆ ಆ ಬಲ ಹಿಡಿತ ಕಮ್ಮಿ ಇರುವ ಚಕ್ರ ತಾಳುವಷ್ಟೇ. ಮುಂದೊಂದು ಹಿಂದೊಂದು ಚಕ್ರ ಗಾಳಿಯಲ್ಲಿ ತಿರುಗಿದರೆ ಉಳಿದೆರಡು ಸುಮ್ಮನಿರುತ್ತವೆ. ಇದಕ್ಕೆ ಮದ್ದು ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಲಾಕರು. 2015ರ ಮಹೀಂದ್ರ ಥಾರ್‌ನಲ್ಲಿ ಹಿಂದಿನ ಆ್ಯಕ್ಸೆಲಿಗೆ ಕಂಪನಿಯೇ ಈಟನ್ ಲಾಕರ್ ಕೊಟ್ಟಿತು. ಹಳೇ ಜೀಪಿಗೆ ಇಂಥದ್ದನ್ನು ಕೂರಿಸಬೇಕಾದರೆ ಕ್ರೌನ್-ಪಿನಿಯನ್ ಸೆಟ್ಟಿಂಗ್ ಬಲ್ಲ ಕೈ ಬೇಕು. ಇನ್ನೊಂದು ಮಾತು: ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆ್ಯಕ್ಸೆಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣಗಿದ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಗೇರುಗಳು ಒಂದನ್ನೊಂದು ತಿರುಚಿ ಮುರಿಯಬಹುದು. ತುಮಕೂರಿನ ಪಕ್ಕದ ದೇವರಾಯನದುರ್ಗ ಬೆಟ್ಟದ ಟಾರು ರಸ್ತೆಗೆ ಎರಡು ಚಕ್ರದ ಬಲ ಸಾಕೇ ಸಾಕು.

ಇಷ್ಟು ಮಾಡುವ ಹೊತ್ತಿಗೆ ಕಾನೂನು ಬಾಗಿಲಲ್ಲಿ ನಿಂತಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮಾಲೀಕರು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದಾಯಿತು. ಮುಂದಿನ ಕಬ್ಬಿಣದ ಗಾರ್ಡುಗಳನ್ನು 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ನಿಷೇಧಿಸಿತ್ತು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್, ಟೂವೀಲ್ ಜೀಪಿಗೆ ಫೋರ್‌ವೀಲ್ ಆ್ಯಕ್ಸೆಲ್, ಚಾಸಿ ಕತ್ತರಿಸಿ ಉದ್ದ ಮಾಡುವುದು, ಇವೆಲ್ಲ ಆರ್‌ಸಿಯಲ್ಲಿ ಇಲ್ಲದ ವೇಷಗಳು. ಎಂಜಿನ್ ಕೆಟ್ಟು ಅದೇ ಮಾದರಿಯ ಇನ್ನೊಂದು ಹಾಕುವುದಾದರೂ ಆರ್‌ಟಿಓ ಅನುಮತಿ ಪಡೆದು ನಂಬರು ಬರೆಸಿಕೊಳ್ಳಬೇಕು. ತುಮಕೂರಿನ ಕೆಎ-06 ಗಾಡಿಯಿರಲಿ, ತಿಪಟೂರಿನ ಕೆಎ-44 ಇರಲಿ, 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಆಗ ಗಾಡಿಯನ್ನು ಪರೀಕ್ಷೆಗೆ ಒಯ್ಯಲೇಬೇಕು. ಹರಿಯಾಣದ ಮಂಡಿ ದಬ್ವಾಲಿ ಹಳೇ ಜೀಪುಗಳನ್ನು ಹೊಸದಾಗಿ ಕಟ್ಟಿ ಮಾರುವುದಕ್ಕೆ ದೇಶಕ್ಕೇ ಹೆಸರಾದ ಊರು. ಅಂಥ ಕಡೆಯಿಂದ ತರುವವರು ಗಾಡಿಯ ಹೊಳಪಿಗಿಂತ ಚಾಸಿ ನಂಬರನ್ನೂ ಕಾಗದವನ್ನೂ ಎರಡು ಸಲ ಓದಬೇಕು.

2021ರ ಜುಲೈನಲ್ಲಿ ಬಂದ ಇನ್ನೊಂದು ನಿಯಮ ಈ ಆಟವನ್ನೇ ಬದಲಿಸಿದೆ. 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಬಹುದು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಇದರಲ್ಲಿ ದಿನನಿತ್ಯ ಓಡಾಡುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ನೋಂದಣಿಗೆ ಮುಖ್ಯ ಷರತ್ತು: ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಎಪ್ಪತ್ತರ ದಶಕದ ಮೊದಲರ್ಧದ ಸಿಜೆ-3ಬಿಗಳು ಈಗಾಗಲೇ ಈ ಲೆಕ್ಕಕ್ಕೆ ಬಂದಿವೆ. ಆದರೆ ಪೆಟ್ರೋಲ್ ದುಬಾರಿಯೆಂದು ಅವುಗಳಲ್ಲಿ ಬಹಳಷ್ಟಕ್ಕೆ ಎಂದೋ ಡೀಸೆಲ್ ಎಂಜಿನ್ ಕೂರಿಸಿಯಾಗಿದೆ, ಕಿತ್ತ ಹರಿಕೇನನ್ನು ತೂಕದ ಲೆಕ್ಕದಲ್ಲಿ ಮಾರಿಯಾಗಿದೆ. ಅಂಥ ಗಾಡಿಯ ಮಾಲೀಕರು ಇವತ್ತು ವಿಂಟೇಜ್ ನಂಬರು ಬೇಕೆಂದರೆ ಅದೇ ಜಾತಿಯ 2199 ಸಿಸಿ ಎಂಜಿನ್ನಿಗಾಗಿ ಶಿವಾಜಿನಗರದ ಗುಜರಿಯಲ್ಲಿ ಹುಡುಕಾಡಬೇಕು. ಸಿಕ್ಕರೆ ಹೇಳಿದ ಬೆಲೆ ಕೊಡಬೇಕು, ತಂದು ಸತ್ಯಮಂಗಲದ ಕಡೆ ಎಲ್ಲಾದರೂ ರೀಬೋರ್‌ಗೆ ಕೊಡಬೇಕು, ಆಮೇಲೆ ಅದರ ನಂಬರನ್ನು ಆರ್‌ಸಿಗೆ ಏರಿಸಲು ಆರ್‌ಟಿಓ ಕಚೇರಿಯಲ್ಲಿ ಅರ್ಜಿ ಹಿಡಿದು ನಿಲ್ಲಬೇಕು.